ಟಚ್ಚಪ್ಪ ಅಳಿಸಿದ ಕೆಂಪು ಚುಕ್ಕೆ

ಮೊದಲೇ ಹೇಳಿಬಿಡುತ್ತೇನೆ, ಇದು ನಡೆದದ್ದು. ನನ್ನ ಎರಡು ಕಣ್ಣಾಣೆಗೂ ನಡೆದದ್ದು. ಬೇರೆ ಕಥೆಗಳಿಗೆ ಒಂದು ಚಿಟಿಕೆ ಉಪ್ಪು, ಅರ್ಧ ಚಿಟಿಕೆ ಖಾರ ಸೇರಿಸಿರಬಹುದು, ಇಲ್ಲ ಅನ್ನುವುದಿಲ್ಲ. ಇದಕ್ಕೆ ಏನನ್ನೂ ಸೇರಿಸುವ ಅಗತ್ಯವೇ ಬೀಳಲಿಲ್ಲ, ಎಲ್ಲ ಅದರಲ್ಲೇ ಇತ್ತು.

ಒಬ್ಬ ಫೋಟೋ ಸ್ಟುಡಿಯೋದವನಿದ್ದ. ಊರೆಲ್ಲ ಅವನನ್ನು ಟಚ್ಚಪ್ಪ ಅಂತಲೇ ಕರೆಯುತ್ತಿತ್ತು. ಪಟ ತೆಗೆಯುವವರು ಬೇಕಾದಷ್ಟು ಜನ ಇದ್ದರು, ಆದರೆ ತೆಗೆದ ಪಟಕ್ಕೆ ಟಚ್ ಕೊಡುವುದರಲ್ಲಿ ಇವನನ್ನು ಮೀರಿಸುವವನು ಇನ್ನೂ ಹುಟ್ಟಿರಲಿಲ್ಲ. ಮೊಡವೆ, ಮಚ್ಚೆ, ಗಾಯದ ಗುರುತು, ಕಣ್ಣಿನ ಕೆಳಗಿನ ಕಪ್ಪು, ಏನೇ ಇರಲಿ, ಅವನ ಬೆರಳು ತಾಗಿದರೆ ಮಾಯ. ಒಬ್ಬ ಲಾರಿ ಡ್ರೈವರ್ ಇವನ ಹತ್ತಿರ ಪಟ ತೆಗೆಸಿಕೊಂಡು ಪಾಸ್‌ಪೋರ್ಟ್ ಆಫೀಸಿಗೆ ಹೋದರೆ, ಅಲ್ಲಿನ ಗುಮಾಸ್ತ ಪಟವನ್ನೊಮ್ಮೆ ಅವನನ್ನೊಮ್ಮೆ ನೋಡಿ, "ಪಟದಲ್ಲಿರೋ ಯಜಮಾನ್ರೇ ಬರ್ಬೇಕಪ್ಪ, ಡ್ರೈವರನ್ನ ಕಳ್ಸಿದ್ರೆ ಆಗಲ್ಲ" ಅಂತ ವಾಪಸ್ ಕಳಿಸಿದನಂತೆ. ಇನ್ನೊಮ್ಮೆ ಒಬ್ಬ ಅಜ್ಜಿಯ ಮುಖದ ಸುಕ್ಕನ್ನು ಒಂದೊಂದಾಗಿ ತೆಗೆಯುತ್ತಾ ಕೂತವನು ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಲಿಲ್ಲ. ಪಟ ನೋಡಿದ ಅಜ್ಜಿಯ ಮಗಳು, "ನನ್ನ ಪಟ ತೆಗೆದದ್ದು ಯಾವಾಗ?" ಅಂತ ಕೇಳಿದಳು.

ಕೆಲಸದಲ್ಲಿ ಅವನದೊಂದು ನೇಮವಿತ್ತು. ಟಚ್ ಮುಗಿದ ಗಳಿಗೆಯಲ್ಲೇ ಮೂಲ ಪಟವನ್ನು ಅಳಿಸಿಹಾಕಿ, ಚೊಕ್ಕವಾದದ್ದನ್ನು ಮಾತ್ರ 'ರೆಡಿ' ಅನ್ನುವ ಡಬ್ಬಿಯೊಳಗೆ ಇಡುತ್ತಿದ್ದ. ಕಂಪ್ಯೂಟರಿನೊಳಗಿನ ಡಬ್ಬಿ ಅದು. "ಗಿರಾಕಿ ಮೊಡವೆ ಇನ್ನೊಬ್ಬರ ಕಣ್ಣಿಗೆ ಬೀಳಬಾರ್ದು, ಅದು ಅವರ ಮರ್ಯಾದೆ" ಅನ್ನುತ್ತಿದ್ದ. ನಲವತ್ತು ವರ್ಷದಲ್ಲಿ ಒಂದು ಮೊಡವೆಯೂ ಅವನ ಸ್ಟುಡಿಯೋದ ಹೊಸ್ತಿಲು ದಾಟಿ ಹೊರಗೆ ಬಂದದ್ದಿಲ್ಲ.

ಅವನ ಹೆಂಡತಿಯ ಕೆಲಸ ಇದಕ್ಕೆ ಪೂರ್ತಿ ಉಲ್ಟಾ. ಅವಳು ರೆಡಿಮೇಡ್ ಬಟ್ಟೆ ಫ್ಯಾಕ್ಟರಿಯಲ್ಲಿ ಚೆಕ್ಕಿಂಗ್ ಟೇಬಲ್ಲಿನ ಮುಂದೆ ಮೂವತ್ತು ವರ್ಷ ನಿಂತವಳು. ಹೊಲಿಗೆ ಬಿಟ್ಟಿದೆಯೋ, ಗುಂಡಿ ವಾರೆಯಾಗಿದೆಯೋ, ಕಾಲರಿನ ಒಂದು ತುದಿ ನೂಲಿನೆಳೆಯಷ್ಟು ಉದ್ದವಾಗಿದೆಯೋ ಕಂಡುಹಿಡಿದು, ಆ ಜಾಗಕ್ಕೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು ಅವಳ ಪಾಲಿನ ಕೆಲಸ. ಹೆಸರು ಚೆಕ್ಕಿಂಗಮ್ಮ ಅಂತಲೇ ಆಗಿಹೋಗಿತ್ತು. ಅವಳ ಟೇಬಲ್ ಹತ್ತಿರ ಹಾಯುವಾಗ ಮ್ಯಾನೇಜರೂ ತನ್ನ ಅಂಗಿಯ ಗುಂಡಿಗಳನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದನಂತೆ. ಹೀಗೆ ಹೆಂಡತಿ ತಪ್ಪು ಹುಡುಕುವವಳು, ಗಂಡ ತಪ್ಪು ಅಳಿಸುವವನು. ಸಂಸಾರ ನೆಟ್ಟಗೇ ನಡೆದಿತ್ತು.

ಇಬ್ಬರೂ ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೊದಲ ವಸಂತ ಅದು. ಸ್ಟುಡಿಯೋ ಮುಚ್ಚಿದವನು ಅಲ್ಲಿದ್ದ ಎತ್ತರದ ಸ್ಟೂಲು, ನೀಲಿ ಪರದೆ, ಗಿರಾಕಿಗಳು ತಲೆ ಬಾಚಿಕೊಳ್ಳುವ ಕನ್ನಡಿ, ಎಲ್ಲವನ್ನೂ ಮನೆಗೆ ಹೊತ್ತು ತಂದಿದ್ದ. ಮನೆಯೊಳಗೆ ಇಡಲು ಹೆಂಡತಿ ಜಾಗ ಕೊಡಲಿಲ್ಲ, ಹಾಗಾಗಿ ಎಲ್ಲ ಹಿತ್ತಲಿಗೆ ಹೋಯಿತು. ಹತ್ತು ಹೆಜ್ಜೆ ಉದ್ದ, ಏಳು ಹೆಜ್ಜೆ ಅಗಲದ ಹಿತ್ತಲು. ಅದರಲ್ಲಿ ಒಂದು ದಾಳಿಂಬೆ ಮರ, ನಾಲ್ಕು ಗುಲಾಬಿ, ಒಂದು ಸಾಲು ಡೇಲಿಯಾ, ಗೋಡೆ ತುಂಬ ನೀಲಿ ಹೂವಿನ ಬಳ್ಳಿ. ಆ ವರ್ಷ ದಾಳಿಂಬೆ ಯಾವ ಪರಿ ಹೂ ಬಿಟ್ಟಿತ್ತೆಂದರೆ, ಬೀದಿಯಲ್ಲಿ ಹೋಗುವವರು ಎಲ್ಲೋ ಬೆಂಕಿ ಬಿದ್ದಿದೆ ಅಂತ ಎರಡು ಸಲ ಬಾಗಿಲು ತಟ್ಟಿದ್ದರು.

ಹೂವಿಗೆ ಹಕ್ಕಿಗಳು ಬಂದವು. ಹಕ್ಕಿಗಳು ಬಂದ ಮೇಲೆ ಟಚ್ಚಪ್ಪನ ಕೈ ಸುಮ್ಮನಿರುತ್ತದೆಯೇ? ನೀಲಿ ಪರದೆಯನ್ನು ದಾಳಿಂಬೆಯ ಹಿಂದೆ ಕಟ್ಟಿದ, ಸ್ಟೂಲಿನ ಮೇಲೆ ನೀರಿನ ತಟ್ಟೆ ಇಟ್ಟ, ಪಕ್ಕದಲ್ಲಿ ಕನ್ನಡಿ ನಿಲ್ಲಿಸಿದ, ಕ್ಯಾಮೆರಾ ಹಿಡಿದು ಕೂತ. ನಲವತ್ತು ವರ್ಷದ ಅಭ್ಯಾಸ, ಹಕ್ಕಿಗೂ ಅದೇ ಮಾತು. "ಗದ್ದ ಸ್ವಲ್ಪ ಮೇಲೆ. ಸಾಕು. ಇಲ್ನೋಡಿ, ನೇರವಾಗಿ. ಎರಡೂ ಕಿವಿ ಕಾಣ್ಬೇಕು."

"ಹಕ್ಕಿಗೆ ಕಿವಿ ಎಲ್ಲಿದೆರೀ?" ಹೆಂಡತಿ ಬಟ್ಟೆ ಒಣಹಾಕುತ್ತಾ ಕೇಳಿದಳು.

"ಇಲ್ದೆ ಹೋದ್ರೆ ನಾನು ಹೇಳಿದ್ದು ಹೇಗೆ ಕೇಳಿಸ್ಕೊಳ್ಳುತ್ತೆ?"

ತೊಂದರೆ ಏನೆಂದರೆ, ಹಕ್ಕಿಯ ಕಣ್ಣುಗಳು ತಲೆಯ ಎರಡು ಪಕ್ಕಕ್ಕೆ ಇರುತ್ತವೆ. ನೇರ ತಿರುಗಿಸಿ ಪಟ ತೆಗೆದರೆ ಕೊಕ್ಕು ಬಿಟ್ಟು ಬೇರೇನೂ ಕಾಣುವುದಿಲ್ಲ, ಹಕ್ಕಿ ರಜೆ ಸಿಗದ ಗುಮಾಸ್ತನ ಹಾಗೆ ಕಾಣುತ್ತದೆ. ಟಚ್ಚಪ್ಪ ಬಿಡಲಿಲ್ಲ. ಒಂದು ವಾರದೊಳಗೆ ಗುಬ್ಬಿಗಳು ತಟ್ಟೆಯಲ್ಲಿ ತಲೆ ಒದ್ದೆ ಮಾಡಿಕೊಂಡು, ಕನ್ನಡಿ ನೋಡಿಕೊಂಡು, ಸ್ಟೂಲಿನ ಮೇಲೆ ಕೂತು ಗದ್ದ ಎತ್ತಿ ಕಾಯುವುದನ್ನು ಕಲಿತವು. ಕ್ಲಿಕ್ ಅಂದ ಮೇಲೇ ಹಾರುತ್ತಿದ್ದವು. ಮೈನಾಗಳು ಸಂಸಾರ ಸಮೇತ ಗ್ರೂಪ್ ಫೋಟೋಕ್ಕೆ ಬಂದು, ಕುಳ್ಳಗಿರುವವು ಮುಂದೆ ನಿಂತವು ಅಂತ ಅವನೇ ಹೇಳಿದ್ದು. ನಾನು ನೋಡಿದ್ದು ಗುಬ್ಬಿಗಳನ್ನು ಮಾತ್ರ.

ಆ ಬಡಾವಣೆಯಲ್ಲಿ ಹಕ್ಕಿ ನೋಡುವವರದೊಂದು ಬಳಗವಿತ್ತು. ಅದಕ್ಕೆ ಮುಂದಾಳು ಹಲ್ಲಿನ ಡಾಕ್ಟರಮ್ಮ. ವಸಂತದ ಒಂದು ಭಾನುವಾರ ಬೀದಿ ಬೀದಿಯ ಹಕ್ಕಿ ಎಣಿಸುವುದು ಅವರ ಪದ್ಧತಿ. ಬೀದಿಗೆ ಮೂರೇ ಜನ. ಒಬ್ಬರು ಕಣ್ಣು, ಒಬ್ಬರು ಪೆನ್ನು, ಒಬ್ಬರು ಚೀಲ. ಕಣ್ಣು ಅಂದರೆ ಹಕ್ಕಿಯನ್ನು ಕಂಡು ಇಂಥದ್ದು ಅಂತ ಹೇಳುವವರು. ಪೆನ್ನು ಬರೆದುಕೊಳ್ಳುವವರು. ಚೀಲ ಅಂದರೆ ನೀರು, ಬಿಸ್ಕತ್ತು ಹೊತ್ತು ಹಿಂದೆ ಬರುವವರು. ಟಚ್ಚಪ್ಪನ ಬೀದಿಗೆ ಕಣ್ಣಾಗಬೇಕು ಅಂತ ಇಬ್ಬರಿಗೆ ಆಸೆ. ಒಬ್ಬ, ಕೆಲಸದಿಂದ ರಿಟೈರಾದ ಪೋಸ್ಟಣ್ಣ. ದುರ್ಬೀನನ್ನು ಕುತ್ತಿಗೆಗೆ ಹಾಕಿಕೊಂಡೇ ಸ್ನಾನ ಮಾಡುತ್ತಾನೆ ಅಂತ ಜನ ಆಡಿಕೊಳ್ಳುತ್ತಿದ್ದರು. ಇನ್ನೊಬ್ಬಳು ಚೆಕ್ಕಿಂಗಮ್ಮ.

ಅವಳಿಗೆ ಇದು ಬರೀ ಆಸೆಯಲ್ಲ. ಎರಡು ತಿಂಗಳ ಹಿಂದೆ ಕಣ್ಣಿನ ಪೊರೆ ತೆಗೆಸಿದ್ದಳು. ಅಂದಿನಿಂದ ಮನೆಗೆ ಬಂದವರೆಲ್ಲ ಅವಳ ಮುಂದೆ ಬೆರಳು ಎತ್ತಿ ಎಷ್ಟು ಅಂತ ಕೇಳುವವರೇ. ರಸ್ತೆ ದಾಟುವಾಗ ಕೈ ಹಿಡಿಯುವವರೇ. ಅಕ್ಕಿ ಆರಿಸಿದರೆ ಇನ್ನೊಮ್ಮೆ ಆರಿಸುವವರೇ. ಒಂದು ಕೂದಲೆಳೆಯ ತಪ್ಪನ್ನು ಮಾರು ದೂರದಿಂದ ಹಿಡಿದವಳಿಗೆ ಇದು ಹೇಗಾಗಿರಬೇಡ. ಕಣ್ಣು ಅಂತ ಬಳಗದ ಪುಸ್ತಕದಲ್ಲಿ ಒಮ್ಮೆ ಹೆಸರು ಬಿದ್ದರೆ ಈ ಬೆರಳು ಎಣಿಸುವ ಕಾಟ ನಿಲ್ಲುತ್ತದೆ ಅನ್ನುವುದು ಅವಳ ಲೆಕ್ಕ.

ಎಣಿಕೆಗೆ ಆರು ದಿನ ಇದೆ ಅನ್ನುವಾಗ, ಸೋಮವಾರ ಬೆಳಿಗ್ಗೆ, ದಾಳಿಂಬೆಯ ಮೇಲೆ ಒಂದು ಹೊಸ ಹಕ್ಕಿ ಬಂದು ಕೂತಿತು. ಕಂದು ಮೈ, ಗುಬ್ಬಿಗಿಂತ ತುಸು ದೊಡ್ಡದು.

"ರೀ, ಅಲುಗಾಡ್ಬೇಡಿ. ಬಲಗಡೆ ಮೂರನೇ ಕೊಂಬೆ. ಕೊಕ್ಕಿನ ಬುಡದಲ್ಲಿ ಕೆಂಪು ಚುಕ್ಕೆ ಇದೆ ನೋಡಿ, ಎಡಗಡೆ ಮಾತ್ರ."

ಟಚ್ಚಪ್ಪ ಚುಕ್ಕೆಯನ್ನೂ ನೋಡಲಿಲ್ಲ, ಗಿಕ್ಕೆಯನ್ನೂ ನೋಡಲಿಲ್ಲ, ಕ್ಲಿಕ್ ಅನ್ನಿಸಿದ. ಹಕ್ಕಿ ಹಾರಿಹೋಯಿತು. ಅವನು ಒಳಗೆ ಹೋಗಿ ಕಂಪ್ಯೂಟರ್ ಮುಂದೆ ಕೂತ, ರೇಡಿಯೋದಲ್ಲಿ ಬರುತ್ತಿದ್ದ ಹಾಡಿಗೆ ತಾನೂ ಗುನುಗುತ್ತಾ ಒಂದಿಷ್ಟು ಮೌಸು ಆಡಿಸಿದ, ದೊಡ್ಡದಾಗಿ ಒಂದು ಪ್ರಿಂಟು ತೆಗೆದು ಲಕೋಟೆಯಲ್ಲಿಟ್ಟ.

ಸಂಜೆ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಬಳಗ ಸೇರಿತು. ಚೆಕ್ಕಿಂಗಮ್ಮ ಹಕ್ಕಿಯ ಗುರುತು ಹೇಳಿದಳು. ಡಾಕ್ಟರಮ್ಮ ದಪ್ಪ ಪುಸ್ತಕ ತೆಗೆದು ಪುಟ ತಿರುಗಿಸಿ, ಹುಬ್ಬು ಮೇಲೇರಿಸಿದರು. "ಆಂಟಿ, ಕೊಕ್ಕಿಗೆ ಒಂದೇ ಕಡೆ ಕೆಂಪು ಚುಕ್ಕೆ ಇರೋದು ಇದೊಂದೇ. ಈ ಕಡೆಗೆ ಬರೋದೇ ಇಲ್ವಲ್ಲ ಇದು. ಪಟ ಇದ್ಯಾ?"

"ಇಲ್ದೆ ಏನು?" ಅಂತ ಟಚ್ಚಪ್ಪ ಲಕೋಟೆ ಮುಂದೆ ಮಾಡಿದ. ಮದುಮಗಳ ಪಟ ಕೊಡುವಾಗಲೂ ಅಷ್ಟು ಗತ್ತಿನಿಂದ ಕೊಟ್ಟವನಲ್ಲ.

ಡಾಕ್ಟರಮ್ಮ ನೋಡಿದರು. ಪೋಸ್ಟಣ್ಣ ಅವರ ಹೆಗಲ ಮೇಲಿಂದ ನೋಡಿದ. ಕಂದು ಹಕ್ಕಿ, ಹೊಳೆಯುವ ಗರಿ, ನುಣುಪಾದ ಕೊಕ್ಕು. ಚುಕ್ಕೆಯ ಸುಳಿವಿಲ್ಲ.

"ಇದು ಮಾಮೂಲಿ ಕಂದು ಹಕ್ಕಿ ಆಂಟಿ."

ಚೆಕ್ಕಿಂಗಮ್ಮ ಪಟವನ್ನು ತೆಗೆದುಕೊಂಡು ಕೈ ದೂರ ಮಾಡಿ ಒಂದು ಸಲ ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. "ಇವರು ಅಳಿಸಿದ್ದಾರೆ" ಅಂದಳು.

"ನಾನು ಯಾಕೆ ಅಳಿಸ್ಲಿ?" ಅಂದ ಟಚ್ಚಪ್ಪ. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ.

ಪೋಸ್ಟಣ್ಣ ಗಂಟಲು ಸರಿಮಾಡಿಕೊಂಡ. "ಅಕ್ಕಾ, ತಪ್ಪು ತಿಳ್ಕೋಬೇಡಿ. ನಮ್ಮತ್ತೆಗೂ ಪೊರೆ ತೆಗೆಸಿದ್ಮೇಲೆ ಟಿವಿಯಲ್ಲಿ ವಾರ್ತೆ ಓದೋರು ಇಬ್ಬಿಬ್ರು ಕಾಣ್ತಿದ್ರು. ಒಬ್ರು ಓದೋದು, ಒಬ್ರು ಸುಮ್ನೆ ಕೂತಿರೋದು ಅಂತಿದ್ರು."

"ದಾಳಿಂಬೆ ಎಸಳು ಅಂಟ್ಕೊಂಡಿತ್ತೋ ಏನೋ" ಅಂದರು ಡಾಕ್ಟರಮ್ಮ, ಹಲ್ಲು ಕೀಳುವ ಮೊದಲು ಮಾತಾಡುವ ಮೆಲುದನಿಯಲ್ಲಿ. "ಈ ಸಲ ಪೋಸ್ಟಣ್ಣ ಕಣ್ಣಾಗ್ಲಿ. ನೀವು ಚೀಲ ಇಟ್ಕೊಳ್ಳಿ ಆಂಟಿ, ಮುಂದಿನ ವರ್ಷ ನೋಡೋಣ."

ಚೆಕ್ಕಿಂಗಮ್ಮ ದಾರಿಯುದ್ದಕ್ಕೂ ಗಂಡನಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು.

ಮನೆಗೆ ಬಂದವನೇ ಟಚ್ಚಪ್ಪ ಕಂಪ್ಯೂಟರ್ ಹಾಕಿದ. ಸೋಮವಾರದ ಹಕ್ಕಿಯ ಪಟ 'ರೆಡಿ' ಡಬ್ಬಿಯೊಳಗಿತ್ತು. ಟಚ್ ಆಗದ ಯಾವ ಪಟವೂ ಆ ಡಬ್ಬಿಯೊಳಗೆ ಕಾಲಿಡುವುದಿಲ್ಲ. ಮೂಲ ಪಟ ಎಲ್ಲೂ ಇರಲಿಲ್ಲ. ಆಗ ಅವನ ಬೆರಳಿಗೆ ನೆನಪಾಯಿತು. ಮೂಗಿನ ಬುಡದಲ್ಲಿ ಕೆಂಪಗೆ ಏನೋ ಕಂಡಿತ್ತು. ಮೊಡವೆ ಅಂದುಕೊಂಡು, ಹಾಡಿನ ಎರಡನೇ ಚರಣ ಮುಗಿಯುವುದರೊಳಗೆ ಒರೆಸಿಹಾಕಿದ್ದ. ಗಿರಾಕಿಯ ಮರ್ಯಾದೆ ಉಳಿಸಲು ಹೋಗಿ ಹೆಂಡತಿಯ ಮರ್ಯಾದೆ ಕಳೆದಿದ್ದ.

"ಲೇ, ಒಂದು ಮಾತು" ಅಂತ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಒಪ್ಪಿಕೊಂಡ. ಅವಳು ಕಿಟಕಿಯ ಮೇಲೆ ಕೂತಿದ್ದ ಗುಬ್ಬಿಯ ಕಡೆ ತಿರುಗಿ, "ಗುಬ್ಬೀ, ಇವರು ಅಲ್ಲಿ ಹೇಳ್ಬೇಕಾಗಿದ್ದನ್ನ ಇಲ್ಲಿ ಬಂದು ಹೇಳ್ತಿದ್ದಾರೆ. ಊಟ ಮೇಜಿನ ಮೇಲಿದೆ ಅಂತ ತಿಳಿಸ್ಬಿಡು" ಅಂದಳು.

ಅವತ್ತಿನಿಂದ ಎಲ್ಲ ಗುಬ್ಬಿಯ ಮೂಲಕವೇ. ಸೋಪು ಮುಗಿದದ್ದು, ಗ್ಯಾಸಿನವನು ಬಂದದ್ದು, ಕರೆಂಟು ಹೋದದ್ದು. ನಾಲ್ಕೇ ದಿನಕ್ಕೆ ಆ ಗುಬ್ಬಿ ಟಚ್ಚಪ್ಪನ ಎದುರು ತಾನಾಗಿಯೇ ಬಂದು, ಹೇಳಬೇಕಾದ್ದು ಏನೋ ಇದೆ ಅನ್ನುವ ಹಾಗೆ ಗದ್ದ ಎತ್ತಿ ನಿಲ್ಲತೊಡಗಿತು.

ಮಂಗಳವಾರ ಅವನು ಕ್ಲಿನಿಕ್ಕಿಗೆ ಹೋಗಿ, "ಡಾಕ್ಟ್ರೇ, ಚುಕ್ಕೆ ಇತ್ತು, ಅಳಿಸಿದ್ದು ನಾನೇ" ಅಂದ. ಡಾಕ್ಟರಮ್ಮನ ಕಣ್ಣು ಒದ್ದೆಯಾಯಿತು. "ಅಂಕಲ್, ಆಂಟಿಗೆ ಬೇಜಾರಾಗ್ಬಾರ್ದು ಅಂತ ತಪ್ಪನ್ನ ನಿಮ್ಮ ಮೇಲೆ ಹಾಕ್ಕೊಳ್ತಿದ್ದೀರಲ್ಲ. ನಮ್ಮನೆಯವರಿಗೂ ಸ್ವಲ್ಪ ಹೇಳಿಕೊಡಿ." ನಿಜ ಹೇಳಿದರೆ ಒಳ್ಳೆಯ ಗಂಡ ಅನ್ನಿಸಿಕೊಂಡು ವಾಪಸ್ ಬರುವ ಗತಿ.

ಉಳಿದದ್ದು ಒಂದೇ ದಾರಿ, ಹಕ್ಕಿಯನ್ನು ಇನ್ನೊಮ್ಮೆ ಕ್ಯಾಮೆರಾದಲ್ಲಿ ಹಿಡಿಯುವುದು. ಬುಧವಾರ, ಗುರುವಾರ, ಶುಕ್ರವಾರ, ಮೂರು ದಿನ ಟಚ್ಚಪ್ಪ ದಾಳಿಂಬೆ ಬಿಟ್ಟು ಕದಲಲಿಲ್ಲ. ತಲೆಯ ಮೇಲೆ ಹೂ ಉದುರಿ ಉದುರಿ ಅವನೂ ಒಂದು ಗಿಡದ ಹಾಗೆ ಆಗಿದ್ದ. ಒಂದು ಜೇನ್ನೊಣ ಅವನ ಕಿವಿಯೊಳಗೆ ಮನೆ ಕಟ್ಟಬಹುದೋ ಅಂತ ಬಹಳ ಹೊತ್ತು ಸುತ್ತಿ ನೋಡಿಕೊಂಡು ಹೋಯಿತು. ಬಂದ ಹಕ್ಕಿಗಳೆಲ್ಲ ಹಳೇ ಗಿರಾಕಿಗಳೇ. ಕೆಂಪು ಚುಕ್ಕೆಯದು ಮಾತ್ರ ಬರಲಿಲ್ಲ.

ಶನಿವಾರ ಬೆಳಿಗ್ಗೆ ಅವನಿಗೆ ಹೊಳೆಯಿತು. ಹೊಳೆಯಿತು ಅನ್ನುವುದಕ್ಕಿಂತ ಕೈ ತುರಿಸಿತು ಅನ್ನಬೇಕು. ತೆಗೆದ ಕೈಗೆ ಇಡಲು ಬರುವುದಿಲ್ಲವೇ? ಚುಕ್ಕೆ ಇದ್ದದ್ದು ನಿಜ. ಇದ್ದದ್ದನ್ನು ಇದ್ದ ಜಾಗದಲ್ಲಿ ವಾಪಸ್ ಇಟ್ಟರೆ ಅದು ಮೋಸ ಹೇಗಾದೀತು? ಹೀಗೆ ತನಗೆ ತಾನೇ ವಕೀಲಿಕೆ ಮಾಡಿಕೊಂಡು, ದಾಳಿಂಬೆ ಹೂವಿನ ಪಟದಿಂದ ಒಂದು ತೊಟ್ಟು ಕೆಂಪು ತೆಗೆದು ಕೊಕ್ಕಿನ ಬುಡಕ್ಕೆ ಇಟ್ಟ. ಮೇಲೆ ಒಂದು ಚೂರು ಹೊಳಪು. ಅಂಚಿಗೆ ಒಂದಿಷ್ಟು ನೆರಳು. ಹಿಂದೆ ಸರಿದು ನೋಡಿದ. ಆ ಹಕ್ಕಿಯ ಹೆತ್ತ ತಾಯಿಯೇ ಬಂದರೂ ಮಗುವೇ ಅನ್ನಬೇಕು, ಹಾಗಿತ್ತು.

ಮಧ್ಯಾಹ್ನ ಹೆಂಡತಿ ಚೀಲದ ಸಾಮಾನು ತರಲು ಕ್ಲಿನಿಕ್ಕಿಗೆ ಹೊರಟಾಗ ಅವನೂ ಹಿಂದೆಯೇ ಹೋದ. ಡಾಕ್ಟರಮ್ಮ ಕುರ್ಚಿಯಲ್ಲಿದ್ದ ಒಬ್ಬ ಬೇಕರಿಯವನ ಬಾಯಿಗೆ ಹತ್ತಿ ತುರುಕಿ, ಮರಗಟ್ಟಲಿ ಅಂತ ಕಾಯುತ್ತಿದ್ದರು. ಪೋಸ್ಟಣ್ಣ ಮಾರನೆಯ ದಿನಕ್ಕೆ ದುರ್ಬೀನು ಒರೆಸುತ್ತಾ ಕೂತಿದ್ದ.

"ಡಾಕ್ಟ್ರೇ, ಸೋಮವಾರದ ಇನ್ನೊಂದು ಪಟ ಸಿಕ್ತು" ಅಂತ ಟಚ್ಚಪ್ಪ ಪೆನ್‌ಡ್ರೈವನ್ನೂ ಪ್ರಿಂಟನ್ನೂ ಮುಂದೆ ಹಿಡಿದ.

ಡಾಕ್ಟರಮ್ಮ ಹಲ್ಲಿನ ಎಕ್ಸ್‌ರೇ ನೋಡುವ ದೊಡ್ಡ ಪರದೆಗೆ ಪಟ ಹಾಕಿದರು. ಹಕ್ಕಿ ಮೇಕೆಯಷ್ಟು ದೊಡ್ಡದಾಗಿ ಎದುರಿಗೆ ಬಂದು ಕೂತಿತು. ಹತ್ತು ಪಟ್ಟು ಹಿಗ್ಗಿಸಿದರು, ಇಪ್ಪತ್ತು ಪಟ್ಟು ಹಿಗ್ಗಿಸಿದರು. ಹಲ್ಲಿನಲ್ಲಿ ಸೂಜಿಮೊನೆಯ ಹುಳುಕನ್ನು ಹಿಡಿಯುವ ಕಣ್ಣು ಅವರದು. ಪೋಸ್ಟಣ್ಣ ದುರ್ಬೀನಿನಿಂದಲೂ ನೋಡಿದ, ಅದನ್ನು ತಿರುಗಿಸಿ ಹಿಡಿದೂ ನೋಡಿದ.

"ಅದೇ" ಅಂದರು ಡಾಕ್ಟರಮ್ಮ. "ಸಂಶಯವೇ ಇಲ್ಲ. ಆಂಟಿ, ನನ್ನದೇ ತಪ್ಪು. ಪುಸ್ತಕದಲ್ಲಿ ಬರೀತೀನಿ, ಕಂಡವರು ನೀವು ಅಂತ. ನಾಳೆಗೆ ಕಣ್ಣು ನೀವೇ."

ಪೋಸ್ಟಣ್ಣ ಪೆಚ್ಚಾದ. ಕುರ್ಚಿಯಲ್ಲಿದ್ದ ಬೇಕರಿಯವನು ಹತ್ತಿಯ ನಡುವಿನಿಂದಲೇ ಏನೋ ಶುಭಾಶಯದಂಥದ್ದನ್ನು ಅಂದ. ಟಚ್ಚಪ್ಪನ ಎದೆ ಎರಡು ಗುಂಡಿ ಅಗಲವಾಯಿತು.

ಚೆಕ್ಕಿಂಗಮ್ಮ ಬಾಗಿಲ ಹತ್ತಿರವೇ ನಿಂತಿದ್ದಳು. ಮುಂದೆಯೂ ಬರಲಿಲ್ಲ, ಕನ್ನಡಕವನ್ನೂ ಹಾಕಲಿಲ್ಲ. "ಪೆನ್ನು ಕೆಳಗಿಡಿ ಡಾಕ್ಟ್ರೇ" ಅಂದಳು. ಕೈಚೀಲದಿಂದ ಬಾಣದ ಸ್ಟಿಕ್ಕರಿನ ಸುರುಳಿ ತೆಗೆದಳು. ಫ್ಯಾಕ್ಟರಿ ಬಿಟ್ಟರೂ ಸುರುಳಿ ಬಿಟ್ಟಿರಲಿಲ್ಲ. ಆಮೇಲೆ ಮುಂದೆ ಬಂದು, ಮೇಜಿನ ಮೇಲಿದ್ದ ಪ್ರಿಂಟಿಗೆ ಒಂದು ಬಾಣ ಅಂಟಿಸಿದಳು.

"ಈ ಕೆಂಪು ನಮ್ಮ ದಾಳಿಂಬೆದು. ಹಕ್ಕಿದು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು."

ಇನ್ನೊಂದು ಬಾಣ. "ಬಿಸಿಲು ಬಲಗಡೆಯಿಂದ ಬಿದ್ದಿದೆ. ಎಲೆ ನೋಡಿ, ಕಣ್ಣು ನೋಡಿ. ಚುಕ್ಕೆ ಹೊಳಪು ಮಾತ್ರ ಎಡಗಡೆ ಇದೆ."

ಮೂರನೆಯದು. "ಅದು ಗುಂಡಗಿರ್ಲಿಲ್ಲ. ಅಕ್ಕಿಕಾಳಿನ ಹಾಗೆ ಉದ್ದಕ್ಕೆ, ವಾರೆಯಾಗಿತ್ತು. ಇವರು ಮೊಡವೆ ತೆಗೆಯೋವಾಗ್ಲೂ ಗುಂಡಗೆ ತೆಗೀತಾರೆ, ಇಡೋವಾಗ್ಲೂ ಗುಂಡಗೇ ಇಟ್ಟಿದ್ದಾರೆ. ಇದು ಪಾಸಾಗಲ್ಲ."

ಡಾಕ್ಟರಮ್ಮ ಪರದೆಯ ಹತ್ತಿರ ಹೋದರು, ಎಲೆ ನೋಡಿದರು, ಹಕ್ಕಿಯ ಕಣ್ಣು ನೋಡಿದರು, ಚುಕ್ಕೆ ನೋಡಿದರು. "ಅಂಕಲ್?" ಅಂದರು.

ಟಚ್ಚಪ್ಪನ ಕಿವಿ ದಾಳಿಂಬೆಯಾಗಿತ್ತು. "ಇಟ್ಟಿದ್ದು ನಾನೇ. ಸೋಮವಾರ ತೆಗೆದಿದ್ದೂ ನಾನೇ. ಅವತ್ತು ಇವಳು ನಿಜ ಹೇಳಿದ್ಳು, ನಾನು ಎಲ್ಲರ ಎದುರು ಇಲ್ಲ ಅಂದೆ."

"ಅಲ್ಲಕ್ಕಾ" ಅಂದ ಪೋಸ್ಟಣ್ಣ, ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಸುಮ್ನಿದ್ದಿದ್ರೆ ನಿಮ್ಮ ಹಕ್ಕಿ ಪುಸ್ತಕಕ್ಕೆ ಹೋಗ್ತಿತ್ತು. ಕಣ್ಣೂ ನೀವೇ ಆಗ್ತಿದ್ರಿ."

"ಮೂವತ್ತು ವರ್ಷ ಬೇರೆಯವರ ಅಂಗೀಲಿ ತಪ್ಪಿದ್ರೆ ಬಿಟ್ಟಿಲ್ಲ. ನಂದು ಅಂದ್ಕೂಡ್ಲೇ ಬಿಟ್ಬಿಡ್ಲಾ?"

ಇದನ್ನೆಲ್ಲ ಕೇಳಿಸಿಕೊಂಡಿದ್ದ ಬೇಕರಿಯವನು ಕುರ್ಚಿಯಲ್ಲೇ ಎದ್ದು ಕೂತ. ಅವನು ಹತ್ತಿಯನ್ನೇ ಕೈಯಲ್ಲಿ ತೆಗೆದು ಹಿಡಿದುಕೊಂಡು, "ಡಾಕ್ಟ್ರೇ, ಆ ಯಮ್ಮನ್ನ ಕರ್ದು ನನ್ ಹಲ್ಲು ಒಂದ್ಸಲ ನೋಡಿಸ್ಬಿಡಿ. ಕೀಳೋದು ಇದೇನಾ ಅಂತ ಗ್ಯಾರಂಟಿ ಆಗ್ಲಿ" ಅಂದ.

ಡಾಕ್ಟರಮ್ಮ ನಗುತ್ತಲೇ ಪುಸ್ತಕ ತೆರೆದರು. ಹಕ್ಕಿಯ ಹೆಸರು ಬರೆಯಲಿಲ್ಲ. ಪಟ ಇಲ್ಲದೆ ಬರೆಯಬಾರದು ಅನ್ನುವುದು ಬಳಗದ ಕಟ್ಟಳೆ, ಚೆಕ್ಕಿಂಗಮ್ಮನೂ ಬರೆಯಿರಿ ಅನ್ನಲಿಲ್ಲ. ಭಾನುವಾರದ ಎಣಿಕೆಯ ಸಾಲಿನಲ್ಲಿ ಪೋಸ್ಟಣ್ಣನ ಹೆಸರು ಹೊಡೆದು, ಕಣ್ಣು ಅನ್ನುವಲ್ಲಿ ಅವಳ ಹೆಸರು ಬರೆದರು. ಪೋಸ್ಟಣ್ಣ ಪೆನ್ನಾದ. ಚೀಲ ಯಾರು ಅಂತ ಯಾರೂ ಕೇಳಲಿಲ್ಲ, ಟಚ್ಚಪ್ಪ ಆಗಲೇ ಹೆಗಲಿಗೆ ಏರಿಸಿಕೊಂಡಿದ್ದ.

ಭಾನುವಾರದ ಎಣಿಕೆಯ ಬಗ್ಗೆ ಹೇಳಿದರೆ ಬೆಳಗಾಗುತ್ತದೆ, ಒಂದೇ ಹೇಳುತ್ತೇನೆ. ಪೋಸ್ಟಣ್ಣನ ಮನೆಯ ಮುಂದಿನ ಮರದಲ್ಲಿ ಒಂದು ಗಂಟು ಇತ್ತು. ಹನ್ನೊಂದು ವರ್ಷದಿಂದ ಅವನು ಅದಕ್ಕೆ ಸೈಕಲ್ ಒರಗಿಸುತ್ತಿದ್ದ. ಚೆಕ್ಕಿಂಗಮ್ಮ ಬೀದಿಯ ಆ ತುದಿಯಲ್ಲಿ ನಿಂತು, "ಗೂಬೆ ಒಂದು, ನಿದ್ದೆ ಮಾಡ್ತಿದೆ, ಬರ್ಕೊಳ್ಳಣ್ಣ" ಅಂದಳು. ಗಂಟು ಒಂದು ಕಣ್ಣು ತೆರೆದು ಪೋಸ್ಟಣ್ಣನನ್ನು ನೋಡಿ ಮತ್ತೆ ಮುಚ್ಚಿಕೊಂಡಿತು. ಪೆನ್ನು ಅವನ ಕೈಯಿಂದ ಬಿತ್ತು. ಎತ್ತಿಕೊಟ್ಟವನು ಚೀಲ.

ಸಂಜೆ ಬೀಗ ತೆಗೆಯುವಾಗ ಅವಳು ಗುಬ್ಬಿಯನ್ನು ಹುಡುಕದೆ ನೇರ ಅವನಿಗೇ, "ಬಿಸ್ಕತ್ತು ಎರಡು ಕಮ್ಮಿ ಇತ್ತು, ನೋಡಿದೀನಿ" ಅಂದಳಂತೆ. ಈಗ ಟಚ್ಚಪ್ಪ ಪಟ ತೆಗೆದರೆ ಮೊದಲು ಅವಳ ಟೇಬಲ್ಲಿಗೆ ಹೋಗುತ್ತದೆ. ಅವಳು ಪಾಸ್ ಮಾಡುವ ತನಕ ಮೌಸು ಮುಟ್ಟುವ ಹಾಗಿಲ್ಲ. ಎಸಳಿಗೆ ತೂತು ಇದ್ದರೆ ತೂತೇ, ಗುಬ್ಬಿಗೆ ಒಂದು ಗರಿ ಕಮ್ಮಿ ಇದ್ದರೆ ಕಮ್ಮಿಯೇ.

ಇಷ್ಟು ಕೇಳಿದ ಮೇಲೆ ಯಾರಾದರೂ ಒಬ್ಬರು ಇದೆಲ್ಲ ಬುರುಡೆ ಅನ್ನುತ್ತೀರಿ, ನನಗೆ ಗೊತ್ತು. ಅನ್ನಿ, ಬೇಡ ಅನ್ನುವುದಿಲ್ಲ. ಅದಕ್ಕೆ ಮೊದಲು ನಿಮ್ಮ ಫೋನು ಈಚೆ ತೆಗೆಯಿರಿ. ನಾಲ್ಕು ಜನ ನೋಡಲಿ ಅಂತ ಅದರಲ್ಲಿ ನಿಮ್ಮದೊಂದು ಪಟ ಹಾಕಿಕೊಂಡಿದ್ದೀರಲ್ಲ, ಅದನ್ನು ಕೆನ್ನೆಯ ಪಕ್ಕ ಹಿಡಿದು, ಬೆಳಕಿಗೆ ತಿರುಗಿ ಕೂತುಕೊಳ್ಳಿ. ಎರಡೂ ಒಂದೇ ಮುಖ ಅಂತ ಆದರೆ ನನ್ನ ಕಥೆ ಸುಳ್ಳು. ಹೂಂ, ತೆಗೆಯಿರಿ. ಗದ್ದ ಸ್ವಲ್ಪ ಮೇಲೆ.